ಕವಡೆ ಹಾಕುವವರನ್ನು ಕೇಳಿ, ದೊಡ್ಡಮ್ಮನನ್ನಲ್ಲ

ಶಾಸ್ತ್ರ ಕೇಳಲು ಹೋಗುವವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ "ಇದೆಲ್ಲ ಸುಳ್ಳು" ಅನ್ನಬೇಕೋ, ಅವರ ಪಾಡಿಗೆ ಅವರನ್ನು ಬಿಡಬೇಕೋ? ನಾನು ಒಂದು ಸಲ ಮಾತಾಡಿ ಕೆಟ್ಟೆ, ಇನ್ನೊಂದು ಸಲ ಸುಮ್ಮನಿದ್ದು ಕೆಟ್ಟೆ. ಎರಡನ್ನೂ ಹೇಳುತ್ತೇನೆ.

ಮೊದಲನೆಯದು ನಮ್ಮ ದೊಡ್ಡಮ್ಮನ ವಿಷಯ. ಅವರ ಮಗ, ಅಂದರೆ ನಮ್ಮಣ್ಣ, ಮನೆಯಲ್ಲಿ ಜಗಳ ಮಾಡಿಕೊಂಡು ಬೆಂಗಳೂರಿಗೆ ಅಂತ ಹೋದವನು ಮೂರು ತಿಂಗಳು ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದ. ದೊಡ್ಡಮ್ಮ ಪಕ್ಕದ ಹೋಬಳಿಯಲ್ಲಿ ಕವಡೆ ಹಾಕಿ ಹೇಳುವವರ ಹತ್ತಿರ ಹೋಗಿ ಬಂದರು. "ಉತ್ತರ ದಿಕ್ಕಲ್ಲಿದ್ದಾನೆ, ನೀರಿನ ಹತ್ತಿರ, ಸ್ನೇಹಿತನ ಜೊತೆ" ಅಂದರಂತೆ. ಆಗತಾನೇ ಪತ್ರಿಕೋದ್ಯಮ ಮುಗಿಸಿ ಊರಿಗೆ ಬಂದಿದ್ದ ನಾನು, ಜಗಲಿ ಮೇಲೆ ಎಲ್ಲರೂ ಕೂತಿದ್ದಾಗಲೇ ಶುರು ಮಾಡಿದೆ. ನೀರಿನ ಹತ್ತಿರ ಇಲ್ಲದ ಜಾಗ ಯಾವುದು ಹೇಳಿ? ಕೆರೆ, ಬೋರ್‌ವೆಲ್, ಚರಂಡಿ, ಎಲ್ಲಾ ನೀರೇ. ಮನೆ ಬಿಟ್ಟ ಹುಡುಗ ಸ್ನೇಹಿತನ ರೂಮಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾನೆ? ಜನ ನಕ್ಕರು. ನನಗೂ ಒಳಗೊಳಗೇ ಖುಷಿ.

ದೊಡ್ಡಮ್ಮ ನಗಲಿಲ್ಲ. "ಅವ್ರು ನನ್ ಮಾತ ಅರ್ಧ ಗಂಟೆ ಕೂತ್ಕೊಂಡು ಕೇಳುದ್ರು ಕಣಪ್ಪ. ನೀನು ಎಷ್ಟೊತ್ತು ಕೇಳ್ದೆ?" ಅಂತ ಎದ್ದು ಒಳಗೆ ಹೋದರು.

ಆಮೇಲೆ ಅವರು ಅಲ್ಲಿಗೆ ಹೋಗುವುದನ್ನೇನೂ ಬಿಡಲಿಲ್ಲ, ನಮಗೆ ಹೇಳುವುದನ್ನು ಬಿಟ್ಟರು. ಏನೋ ತಡೆ ಇದೆ, ಅದನ್ನು ಒಡೆಸಬೇಕು ಅಂತ ಕಿವಿಯ ಓಲೆ ಅಡವಿಟ್ಟಿದ್ದು ಬಹಳ ದಿನದ ಮೇಲೆ ಗೊತ್ತಾಯಿತು. ನಾನು ಜಗಲಿ ಮೇಲೆ ನಗಿಸದೇ ಇದ್ದಿದ್ದರೆ ಅಡವಿಡುವ ಮೊದಲು ನನ್ನನ್ನೊಂದು ಮಾತು ಕೇಳುತ್ತಿದ್ದರೋ ಏನೋ. ಅಣ್ಣ ಕೊನೆಗೆ ತಾನಾಗಿಯೇ ಫೋನ್ ಮಾಡಿದ. ಇದ್ದದ್ದು ಮೈಸೂರಿನಲ್ಲಿ, ನಮ್ಮೂರಿಗೆ ದಕ್ಷಿಣ. ದೊಡ್ಡಮ್ಮನ ಲೆಕ್ಕದಲ್ಲಿ ಮಾತ್ರ "ಸ್ನೇಹಿತನ ಜೊತೆ" ಅಂದದ್ದು ಸರಿಹೋಯಿತು, "ಉತ್ತರ" ಅಂದದ್ದು ಮರೆತುಹೋಯಿತು. ಇದು ಅವರೊಬ್ಬರ ದಡ್ಡತನವಲ್ಲ. ಬೆಳಗಿನ ಟಿವಿಯ ರಾಶಿಫಲವನ್ನು ನಾವೆಲ್ಲ ಹೀಗೇ ನೋಡುವುದು. ತಾಗಿದ್ದು ನೆನಪಿರುತ್ತದೆ, ತಾಗದ್ದು ಗಾಳಿಗೆ.

ಒಂದು ದಿನ ನಾನೇ ಅಲ್ಲಿಗೆ ಹೋಗಿ ಕೂತೆ. ಸರದಿಯಲ್ಲಿ ಕಾಯುವವರು ಮರದ ಕೆಳಗೆ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಚೀಟಿ ಕೊಡುವ ಹುಡುಗ ಅಲ್ಲೇ ಓಡಾಡಿಕೊಂಡಿರುತ್ತಾನೆ. ಒಳಗೆ ಹೋದರೆ ಮೊದಲು ಬರುವುದು ಪ್ರಶ್ನೆಯಂಥ ಮಾತು: "ಮನೇಲಿ ಒಬ್ರಿಗೆ ಕಾಲು ನೋವು, ಅಲ್ವಾ?" ಯಾವ ಮನೆಯಲ್ಲಿಲ್ಲ? ಹೌದು ಅಂದರೆ ಮುಂದಕ್ಕೆ, ಇಲ್ಲ ಅಂದರೆ "ಬರೋದಿದೆ". ನಮ್ಮ ಮುಖವೇ ಅವರಿಗೆ ದಾರಿ ತೋರಿಸುತ್ತದೆ.

ಇಲ್ಲಿ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಭೌತಶಾಸ್ತ್ರ ಪಾಠ ಹೇಳಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ, ನಿಮ್ಮ ಪವಾಡವನ್ನು ನಮ್ಮ ಮುಂದೆ ಮಾಡಿ ತೋರಿಸಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿದ್ದ ಅಬ್ರಹಾಂ ಕೋವೂರ್ ಅವರೂ, ಅತೀಂದ್ರಿಯ ಶಕ್ತಿ ಇದೆ ಅನ್ನುವವರು ಮೋಸವಿಲ್ಲದೆ ತೋರಿಸಿದರೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಅಂದಿದ್ದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಯಾರೂ ಗೆಲ್ಲಲಿಲ್ಲ. ಇಬ್ಬರೂ ಸವಾಲು ಹಾಕಿದ್ದು ಯಾರಿಗೆ ನೋಡಿ. ಶಕ್ತಿ ಇದೆ ಅನ್ನುವವರಿಗೆ. ನಾನು ಹಾಕಿದ್ದು ಮಗನಿಗಾಗಿ ಅಳುತ್ತಿದ್ದ ತಾಯಿಗೆ.

ಹಾಗಾದರೆ ನಂಬುವವರ ಮುಂದೆ ಬಾಯಿ ಮುಚ್ಚಿಕೊಂಡಿರುವುದೇ ಸರಿ ಅಂದುಕೊಂಡೆ. ಅದೂ ತಪ್ಪಾಯಿತು.

ನಮ್ಮ ಬೀದಿಯ ಒಂದು ಮನೆಯಲ್ಲಿ ಎರಡೆಳೆ ಸರ ಕಳೆಯಿತು. ಅಂಜನ ಹಾಕಿಸಿದರು. ವೀಳ್ಯದೆಲೆಗೆ ಕಪ್ಪು ಸವರಿ ಮಗುವಿನ ಕೈಗೆ ಕೊಟ್ಟು, "ಯಾರು ಕಾಣ್ತಾರೆ? ಹೆಂಗಸೋ ಗಂಡಸೋ? ಸೀರೆ ಯಾವ ಬಣ್ಣ?" ಅಂತ ಕೇಳುತ್ತಾ ಹೋದರು. ಆ ಮಗು ಎರಡು ದಿನದಿಂದ ಮನೆಯವರು ಗುಸುಗುಸು ಮಾತಾಡುತ್ತಿದ್ದ ಹೆಸರನ್ನೇ ಹೇಳಿತು. ಅದು ಅವರ ಮನೆಗೆ ಕಳೆ ಕೀಳಲು ಬರುತ್ತಿದ್ದ ಹೆಂಗಸಿನದು. ದೊಡ್ಡಮ್ಮನ ಪಾಠ ನೆನೆದು ನಾನು ಸುಮ್ಮನಿದ್ದೆ, ನಂಬಿಕೆ ಅವರದು ಅಂತ.

ಕಾನೂನಿಗೆ ಬಿಡೋಣ ಅನ್ನುವವರಿದ್ದಾರೆ. ಮೌಢ್ಯ ನಿಷೇಧ ಕಾಯ್ದೆ 2017ರಲ್ಲಿ ಬಂತು, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಒಬ್ಬರ ಮೇಲೆ ಮಾಟದ ಆರೋಪ ಹೊರಿಸಿ ಕಾಟ ಕೊಡುವುದು ಅಪರಾಧ. ಸಾಮಾನ್ಯ ಜ್ಯೋತಿಷ್ಯ ಹೇಳುವುದು ಅಪರಾಧವಲ್ಲ. ಬೀದಿಯಲ್ಲಿ ಹರಡುವ ಅನುಮಾನಕ್ಕೆ ಯಾವ ಕಾಯ್ದೆ ಬರಬೇಕು?

ಅದಕ್ಕೇ ಈಗ ನನ್ನ ಅಭಿಪ್ರಾಯ ಇಷ್ಟು. ನೊಂದು ಹೋದವರ ಹತ್ತಿರ ಒಬ್ಬರೇ ಇರುವಾಗ ಮಾತಾಡಿ, ಮೊದಲು ಅವರ ಕಥೆ ಕೇಳಿ, ದುಡ್ಡು ಎಷ್ಟು ಹೋಯಿತು ಅಂತ ಮೆಲ್ಲಗೆ ವಿಚಾರಿಸಿ. ದುಡ್ಡು ತೆಗೆದುಕೊಳ್ಳುವವರನ್ನು ಎಲ್ಲರ ಎದುರಿಗೇ ಕೇಳಿ, ಸಂಕೋಚ ಬೇಡ. ಮೂರನೆಯವರ ಹೆಸರು ಬಂದ ಗಳಿಗೆಯಲ್ಲಿ ಮಾತ್ರ ನಂಬಿದವರಿಗೆ ನೋವಾಗುತ್ತದೆ ಅಂತ ನೋಡಬೇಡಿ. ಅರಳಿಕಟ್ಟೆ ಮೇಲೇ ಹೇಳಿ, ಆ ದಿನವೇ ಹೇಳಿ.

ನಾನು ಹೇಳಿದ್ದು ಹದಿನೈದು ದಿನ ತಡವಾಗಿ. ಅಷ್ಟರಲ್ಲಿ ಆಕೆಯನ್ನು ಕೂಲಿಗೆ ಕರೆಯುವುದನ್ನು ನಮ್ಮ ಬೀದಿಯ ನಾಲ್ಕು ಮನೆಯವರು ನಿಲ್ಲಿಸಿದ್ದರು. ಸರ ಇನ್ನೂ ಸಿಕ್ಕಿಲ್ಲ. ಆಕೆ ಈಗ ಬೆಳಿಗ್ಗೆ ಆರಕ್ಕೆ ಟೆಂಪೋ ಹತ್ತಿ ಬೇರೆ ಊರಿನ ತೋಟಕ್ಕೆ ಹೋಗುತ್ತಾರೆ. ಎದುರಿಗೆ ಸಿಕ್ಕರೆ ನನ್ನನ್ನು ಮಾತಾಡಿಸುತ್ತಾರೆ, ಅಂಜನದ ವಿಷಯ ಮಾತ್ರ ಎತ್ತುವುದಿಲ್ಲ.