ಹಸಿರು ನೀರು ಯಾರ ಲೆಕ್ಕಕ್ಕೆ?



ಕೆರೆಯ ನೀರು ಹಸಿರಾದರೆ ನಾವು ‘ಪಾಚಿ ಕಟ್ಟೇತಿ’ ಎಂದು ಸುಮ್ಮನಾಗುತ್ತೇವೆ. ಪಾಚಿ ಸುಮ್ಮನೆ ಕಟ್ಟುವುದಿಲ್ಲ. ಪೈರಿನಂತೆ ಅದಕ್ಕೂ ಸಾರಜನಕ, ರಂಜಕ, ಪೊಟ್ಯಾಷ್ ಬೇಕು. ಆ ಗೊಬ್ಬರ ಯಾರ ಹೊಲದ್ದು ಎಂದು ಕೇಳಬೇಕು.

ಹುಬ್ಬಳ್ಳಿಯ ನಾಲಾ ನೀರು ಹಾಯಿಸಿ ಬಿಡ್ನಾಳ, ಕಟ್ನೂರು, ಮಾವನೂರು ಕಡೆಯ ರೈತರು ಬೆಳೆ ತೆಗೆದದ್ದು ನಿಮಗೆ ಗೊತ್ತು. ಅದರಲ್ಲಿ ಗೊಬ್ಬರವೂ ಇತ್ತು, ರೋಗವೂ ಇತ್ತು. ಅದು ಊರಿನ ಗಟಾರದ ನೀರಾಯಿತು. ಇನ್ನು ಕಾರ್ಖಾನೆ ನೀರಿನ ಮಾತು ನೋಡ್ರಿ. ಹಾಲಿನ ಡೇರಿ, ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಡಿಸ್ಟಿಲರಿ, ಎಲ್ಲಕ್ಕೂ ಮಾಲು ನಮ್ಮದೇ. ಒಂದು ಲೀಟರ್ ಸ್ಪಿರಿಟಿಗೆ 10ರಿಂದ 15 ಲೀಟರ್ ಕಂದು ನೀರು ಹೊರಬೀಳುತ್ತದೆ.

ಈ ನೀರು ಗಟ್ಟಿಯಾಗಿ ಕೆರೆಗೆ ಬಿದ್ದರೆ ಬೆಳಕು ಒಳಗಿಳಿಯುವುದಿಲ್ಲ. ಪಾಚಿಯೂ ಸಾಯುತ್ತದೆ, ಪ್ರಾಣವಾಯು ತೀರಿ ಮೀನೂ ಸಾಯುತ್ತದೆ. ತೆಳುವಾಗಿ ಬಿದ್ದರೆ ಪಾಚಿ ಮಿತಿಮೀರಿ ಬೆಳೆಯುತ್ತದೆ. ಹಗಲು ಪ್ರಾಣವಾಯು ಕೊಟ್ಟ ಪಾಚಿ ರಾತ್ರಿ ಅದನ್ನೇ ಉಣ್ಣುತ್ತದೆ. ನಸುಕಿಗೆ ಮೀನು ಸತ್ತು ತೇಲುತ್ತವೆ. ಕೆಲವು ನೀಲಿ-ಹಸಿರು ಪಾಚಿ ವಿಷವನ್ನೂ ಬಿಡುತ್ತವೆ. ಆ ನೀರು ಕುಡಿದು ಎತ್ತು ಸತ್ತರೆ ಎತ್ತಿನ ಸಾಲ ಸಾಯೂದಿಲ್ಲ.

ಹಾಗಂತ ಪಾಚಿ ನಮ್ಮ ವೈರಿಯಲ್ಲ. ಭತ್ತದ ಗದ್ದೆಯಲ್ಲಿ ಕೆಲವು ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಬೆಳೆಗೆ ಕೊಡುತ್ತವೆ. ತಪ್ಪು, ಶುದ್ಧಿ ಮಾಡದೆ ನೀರು ಬಿಟ್ಟವರದು.

ಈಗ ಲೆಕ್ಕ ಹಾಕ್ರಿ. ಕಬ್ಬು ನಮ್ಮ ನೆಲದಿಂದ ಹೀರಿದ ಪೊಟ್ಯಾಷ್ ಕಾಕಂಬಿ ಸೇರುತ್ತದೆ, ಅಲ್ಲಿಂದ ಕಂದು ನೀರಿಗೆ. ದೇಶ ಪೊಟ್ಯಾಷ್ ಗೊಬ್ಬರವನ್ನು ಹೊರದೇಶದಿಂದ ತರಿಸುತ್ತದೆ, ನಾವು ಸೊಸೈಟಿ ಸಾಲ ಮಾಡಿ ಕೊಳ್ಳುತ್ತೇವೆ. ಆ ಕಂದು ನೀರನ್ನು ಇಂಗಿಸಿ ಸುಟ್ಟ ಬೂದಿಯಿಂದ ಬರುವ ಪೊಟ್ಯಾಷನ್ನು 2021ರಲ್ಲಿ ಕೇಂದ್ರ ಸರ್ಕಾರವೇ ಗೊಬ್ಬರ ಸಬ್ಸಿಡಿಗೆ ಸೇರಿಸಿತು. ಅಂದಮೇಲೆ ಅದು ಹೊಲಸಲ್ಲ, ಮಾಲು. ಮಾಲಾದರೆ ಕಬ್ಬಿನ ದರ ಕಟ್ಟುವಾಗ ಅದರಲ್ಲಿ ನಮ್ಮ ಪಾಲೆಷ್ಟು?

1974ರಿಂದ ಜಲಮಾಲಿನ್ಯ ಕಾಯ್ದೆ ಇದೆ. ಕೊಳೆ ಕರಗಲು ಬೇಕಾಗುವ ಪ್ರಾಣವಾಯುವಿನ ಅಳತೆಗೆ ಬಿ.ಓ.ಡಿ. ಅಂತಾರೆ. ಹೊಳೆ-ಕೆರೆಗೆ ಬಿಡುವ ನೀರಿನಲ್ಲಿ ಅದರ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಡಿಸ್ಟಿಲರಿಯ ಹಸಿ ನೀರಿನಲ್ಲಿ ಅದು 40,000 ದಾಟುವುದುಂಟು!

ಆದ್ದರಿಂದ ನೀರಿನ ಬಣ್ಣ ತಿರುಗಿದ ದಿನವೇ ದಿನಾಂಕ, ಜಾಗ ಬರೆದಿಡಿ. ಆ ನೀರಿಗೆ ದನ ಬಿಡಬೇಡಿ. ಪಂಚಾಯ್ತಿಯಲ್ಲಿ ಠರಾವು ಮಾಡಿಸಿ, ನೀರು ಪರೀಕ್ಷಿಸಲು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೆರೆ ದಂಡೆಗೇ ಕರೆಸಿ. ಸಕ್ಕರೆ ಅವರಿಗೆ, ಕೊಳೆ ನಮಗೆ ಎಂಬ ಹಂಚಿಕೆಗೆ ನಾವು ಸಹಿ ಹಾಕಿಲ್ಲ.