ನಾಳೆ ಬಾ, ಇವತ್ತು ಪಕ್ಕದ ತೋಟಕ್ಕೆ ಹೋಗು

ಮೊನ್ನೆ ಮುತ್ತಿನಕೊಪ್ಪಕ್ಕೆ ಬಂದ ಅಕ್ಕನ ಮಗ ‘ಘೋಸ್ಟ್ ಸ್ಟೋರೀಸ್’ ಅನ್ನೋ ಬೋರ್ಡ್ ಗೇಮ್ ಬಿಚ್ಚಿದ. ಆಂತ್ವಾನ್ ಬೌಜಾ ರೂಪಿಸಿ, 2008ರಲ್ಲಿ ಬಂದ ಆಟ. ನಡುವೆ ಹಳ್ಳಿ, ಸುತ್ತ ದೆವ್ವಗಳು, ಕಾಯೋಕೆ ನಾಲ್ಕು ಸನ್ಯಾಸಿಗಳು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ನಾನು ನನ್ನ ಮೂಲೆ ಮಾತ್ರ ನೋಡ್ಕೊಂಡೆ. ಊರು ಮುಳುಗಿತು. ‘ಮಾವಾ, ನೀನು ಯಾರಿಗೂ ಸಹಾಯಕ್ಕೇ ಬರ್ಲಿಲ್ಲ’ ಅಂದ.

ನಮಗೆ ಈ ಆಟ ಬರೋಲ್ಲ ಕಣ್ರೀ. 1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ್ವಲ್ಲ, ಅದರರ್ಥ ಏನು? ಇವತ್ತು ಪಕ್ಕದ ಮನೆಗೆ ಹೋಗು ಅಂತ ತಾನೆ!

ಈಗಿನ ದೆವ್ವ ಅಡಿಕೆಯ ಎಲೆಚುಕ್ಕಿ ರೋಗ. ಶಿಲೀಂಧ್ರವದು, ಗಾಳಿ, ಮಳೆಹನಿಯ ಜೊತೆ ಬೇಲಿ ದಾಟತ್ತೆ. ರೋಗ ಬಂದ ಸೋಗೆ ಕೊಯ್ದು ಸುಡಬೇಕು, ಔಷಧಿ ಹೊಡೀಬೇಕು. ಒಬ್ಬನೇ ಹೊಡೆದರೆ ಪಕ್ಕದ ತೋಟದಿಂದ ಮತ್ತೆ ಬರತ್ತೆ. ಇದು ಗೊತ್ತಿದ್ದೂ, ಕೊನೆಗಾರ ಸಿಕ್ಕ ದಿನ ನನ್ನ ತೋಟಕ್ಕಷ್ಟೇ ಹೊಡೆಸಿದೆ. ಪಕ್ಕದವರಿಗೆ ಒಂದು ಮಾತು ಹೇಳಲಿಲ್ಲ. ಮಳೆ ಬಿಡೋದ್ರೊಳಗೆ ನನ್ನ ಮರಗಳಲ್ಲೂ ಮತ್ತೆ ಚುಕ್ಕಿ.

ಸಬ್ಸಿಡಿ ಸಾಲದು ಅಂತ ಸರ್ಕಾರವನ್ನು ಬೈಯೋಣ, ಸರಿ. ಆದ್ರೆ ಎಲ್ಲರೂ ಒಂದೇ ವಾರ ಔಷಧಿ ಹೊಡೆಯೋಕೆ ದಿನ ಗೊತ್ತು ಮಾಡಲು ಯಾವ ಸರ್ಕಾರ ಬೇಕು?

ಈ ಭಾನುವಾರ ನಾನೇ ಬೇಲಿ ದಾಟಿ ಬರ್ತೀನಿ. ‘ನಾಳೆ ಬಾ’ ಅನ್ಬೇಡಿ.