ಪಟ್ಟಿ ಇಟ್ಟರೆ ಹೋಲಿಕೆಯಾಗುತ್ತದೆಯೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳನ್ನು ಕಂಡವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಪಂದ್ಯಕ್ಕೆ ಮೊದಲು ಎರಡು ತಂಡಗಳನ್ನು ಇವರು ವಿಪರೀತ ಹೋಲಿಸುತ್ತಾರೆ. ನನ್ನ ದೂರು ತದ್ವಿರುದ್ಧದ್ದು. ಅವರು ಹೋಲಿಸುವುದೇ ಇಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುತ್ತಾರೆ, ಯಾವುದರ ಅಂಕಿ ದೊಡ್ಡದೋ ಅತ್ತ ಕೈ ಎತ್ತುತ್ತಾರೆ, ಅದನ್ನೇ ಹೋಲಿಕೆ ಎಂದು ಕರೆಯುತ್ತಾರೆ. ಓದುವವರು ಬರೆಯುವವರು ಇದನ್ನು ದೂರದ ದೇಶದ ಆಟದ ಹುಚ್ಚು ಎಂದು ಬದಿಗಿಡಬಾರದು. ಒಂದನ್ನು ಇನ್ನೊಂದರ ಎದುರಿಗಿಟ್ಟು ನೋಡುವುದು ವಿಮರ್ಶೆಯ ಮೊದಲ ಕೆಲಸ; ಅದು ಎಲ್ಲಿ ಕೆಟ್ಟರೂ ನಮ್ಮ ಕಸುಬೇ ಕೆಟ್ಟಂತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದಲ್ಲಿ ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಕ್ರಿಕೆಟ್ಟಿನಲ್ಲಿ ಬ್ಯಾಟ್ ಹಿಡಿದವನೇ ಆಮೇಲೆ ಫೀಲ್ಡಿಂಗಿಗೂ ಇಳಿಯುತ್ತಾನೆ. ಇಲ್ಲಿ ಬಹುಮಟ್ಟಿಗೆ ಹಾಗಿಲ್ಲ. ದಾಳಿಗೆ ಬೇರೆ ಹುಡುಗರು, ರಕ್ಷಣೆಗೆ ಬೇರೆ ಹುಡುಗರು, ಒದೆಯುವುದಕ್ಕೆ ಇನ್ನೂ ಬೇರೆಯವರು. ಹೀಗಾಗಿ ‘ನಮ್ಮ ದಾಳಿ, ನಿಮ್ಮ ರಕ್ಷಣೆ’ ಎಂಬ ಲೆಕ್ಕ ತಾನಾಗಿಯೇ ಹುಟ್ಟುತ್ತದೆ. ನಾವು ಪಂದ್ಯಕ್ಕೆ ಸರಾಸರಿ ಇಷ್ಟು ಅಂಕ ಗಳಿಸುತ್ತೇವೆ, ನೀವು ಸರಾಸರಿ ಅಷ್ಟು ಬಿಟ್ಟುಕೊಡುತ್ತೀರಿ, ಆದ್ದರಿಂದ ಶನಿವಾರ ನಿಮ್ಮ ಗತಿ ಇಂತಿಷ್ಟು!

ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಪೈಪೋಟಿಯನ್ನೇ ತೆಗೆದುಕೊಳ್ಳಿ. 1897ರಲ್ಲಿ ಶುರುವಾದದ್ದು. ಇಬ್ಬರ ಕ್ರೀಡಾಂಗಣಗಳಲ್ಲೂ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. 2024ರ ನವೆಂಬರ್ 30ರ ಪಂದ್ಯಕ್ಕೆ ಬರುವಾಗ ಒಹಾಯೊ ಹತ್ತು ಗೆದ್ದು ಒಂದು ಸೋತಿತ್ತು, ದೇಶದಲ್ಲಿ 2ನೇ ಸ್ಥಾನ. ಮಿಷಿಗನ್ ಆರು ಗೆದ್ದು ಐದು ಸೋತಿತ್ತು, ಶ್ರೇಯಾಂಕದ ಪಟ್ಟಿಯಲ್ಲಿ ಹೆಸರೇ ಇಲ್ಲ. ಬಾಜಿ ಕಟ್ಟುವವರ ಲೆಕ್ಕದಲ್ಲಿ ಒಹಾಯೊ ಸುಮಾರು 20 ಅಂಕಗಳಿಂದ ಗೆಲ್ಲಬೇಕಿತ್ತು.

ಆ ಒಹಾಯೊ ಸರಾಸರಿ ಯಾವುದರಿಂದ ಬೆಂದ ಅಡುಗೆ ಎಂದು ಒಮ್ಮೆ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಋತುವಿನ ಮೊದಲ ಮೂರು ಪಂದ್ಯಗಳು ಏಕ್ರನ್, ವೆಸ್ಟರ್ನ್ ಮಿಷಿಗನ್, ಮಾರ್ಷಲ್ ವಿರುದ್ಧ: 52-6, 56-0, 49-14. ಮೂರೂ ತಮಗಿಂತ ಬಹಳ ಸಣ್ಣ ತಂಡಗಳು. ಅದೇ ಹೊತ್ತಿನಲ್ಲಿ ಮಿಷಿಗನ್ ಟೆಕ್ಸಸ್‌ನಂಥ ಬಲಾಢ್ಯರ ಎದುರು ಆಡಿ 12-31ರಿಂದ ಸೋತಿತ್ತು. ಇಬ್ಬರೂ ಬಿಗ್ ಟೆನ್ ಎಂಬ ಒಂದೇ ಒಕ್ಕೂಟದವರು. (ಹೆಸರು ಬಿಗ್ ಟೆನ್, ಆ ವರ್ಷ ಇದ್ದ ತಂಡಗಳು 18. ಎಣಿಕೆಯ ಮೇಲೆ ಇಷ್ಟು ಪ್ರೀತಿ ಇರುವವರು ಇದನ್ನಾದರೂ ಎಣಿಸಬಾರದೆ?) ಹದಿನೆಂಟರಲ್ಲಿ ಒಬ್ಬೊಬ್ಬರು ಆಡುವುದು ಒಂಬತ್ತು ಪಂದ್ಯ ಮಾತ್ರ, ಅವೂ ಬೇರೆ ಬೇರೆಯವರ ಮೇಲೆ. ಎರಡು ಸರಾಸರಿಗಳು ಎರಡು ಬೇರೆ ತಕ್ಕಡಿಗಳಲ್ಲಿ ತೂಗಿದವು.

ಸರಾಸರಿಗೆ ಇನ್ನೊಂದು ಕಾಯಿಲೆಯೂ ಇದೆ. ನಿಧಾನವಾಗಿ ಆಡಿ ಗಡಿಯಾರ ಕರಗಿಸುವ ತಂಡದ ರಕ್ಷಣೆ ಕಡಿಮೆ ಹೊತ್ತು ಮೈದಾನದಲ್ಲಿರುತ್ತದೆ, ಅದಕ್ಕೇ ಕಡಿಮೆ ಅಂಕ ಬಿಡುತ್ತದೆ. ಪಟ್ಟಿ ಅದನ್ನು ಶೌರ್ಯ ಎಂದು ಬರೆದುಕೊಳ್ಳುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಬ್ಬರೂ ಎದುರಿಸಿದ ತಂಡಗಳನ್ನು ಹಿಡಿದು ನೋಡಿದರೂ ಒಹಾಯೊ ಮೇಲುಗೈಯೇ. ಇಂಡಿಯಾನಾವನ್ನು ಅದು 38-15ರಿಂದ ಮಣಿಸಿತ್ತು, ಮಿಷಿಗನ್ 15-20ರಿಂದ ಸೋತಿತ್ತು. ಆರಿಗನ್ ಕೈಯಲ್ಲಿ ಒಹಾಯೊ ಸೋತದ್ದು ಒಂದೇ ಅಂಕದಿಂದ, ಮಿಷಿಗನ್ 21 ಅಂಕಗಳಿಂದ. ಒಹಾಯೊ ಉತ್ತಮ ತಂಡ ಎಂಬುದು ಸುಳ್ಳಲ್ಲ. ಮುಂದಿನ ಜನವರಿಯಲ್ಲಿ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ಅದೇ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ‘ಯಾರು ಉತ್ತಮ’ ಎಂಬುದು ಒಂದು ಪ್ರಶ್ನೆ, ‘ಈ ಶನಿವಾರ ಯಾರ ಮುಂದೆ ಯಾರು ನಿಲ್ಲುತ್ತಾರೆ’ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹಿಡಿದುಕೊಂಡು ಎರಡನೆಯದಕ್ಕೂ ಉತ್ತರಿಸಿದೆ ಎಂದು ಬೀಗುವುದೇ ನಾನು ಹೇಳುವ ದುರಭ್ಯಾಸ.

ಎರಡನೆಯ ಪ್ರಶ್ನೆ ಕೇಳಿದ್ದರೆ ಕಣ್ಣಿಗೆ ಬೀಳಬೇಕಾದದ್ದು ಒಂದೇ ಜಾಗ: ಸಾಲಿನ ನಟ್ಟನಡುವೆ. ಅಲ್ಲಿ ಚೆಂಡನ್ನು ಕ್ವಾರ್ಟರ್‌ಬ್ಯಾಕ್‌ಗೆ ದಾಟಿಸಿ ಎದುರಾಳಿಯನ್ನು ತಡೆಯುವವನು ಸೆಂಟರ್. ಒಹಾಯೊದ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಅದೇ ತಿಂಗಳು ಹಿಮ್ಮಡಿಯ ನರ ಹರಿದು ಹೊರಗುಳಿದಿದ್ದ. ಎಡಗಡೆಯ ಕಾವಲಿನ ಜಾಶ್ ಸಿಮನ್ಸ್‌ನ ಮಂಡಿ ಆರಿಗನ್ ಪಂದ್ಯದಲ್ಲೇ ಹೋಗಿತ್ತು. ಒಡೆದು ಕಟ್ಟಿದ ಆ ಸಾಲಿನ ಎದುರು ನಿಂತವರು ಮಿಷಿಗನ್‌ನ ಮೇಸನ್ ಗ್ರಹಾಮ್ ಮತ್ತು ಕೆನೆತ್ ಗ್ರಾಂಟ್. ಮುಂದಿನ ವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಇಬ್ಬರೂ ಮೊದಲ ಸುತ್ತಿನಲ್ಲೇ ಹೋದರು. ಒಹಾಯೊಗೆ ದೇಶದ ಅತ್ಯುತ್ತಮ ಓಟಗಾರ ಹುಡುಗರು ಬದಿಗಳಲ್ಲಿ ಇದ್ದರೂ, ಅದು ಚೆಂಡು ಹಿಡಿದು ಮತ್ತೆ ಮತ್ತೆ ಈ ಗೋಡೆಗೇ ನುಗ್ಗಿತು. 26 ಓಟಗಳಿಂದ ಸಿಕ್ಕಿದ್ದು 77 ಗಜ. ಮಿಷಿಗನ್ ಎಸೆತಗಳಿಂದ ಗಳಿಸಿದ್ದೂ ಬರೀ 62 ಗಜ. ಯಾವ ಪಟ್ಟಿಯಲ್ಲಿಟ್ಟರೂ ನಗೆಪಾಟಲಾಗುವ ದಾಳಿ. ಕೊನೆಗೆ 45 ಸೆಕೆಂಡು ಉಳಿದಿದ್ದಾಗ ಒಂದು ಸಣ್ಣ ಒದೆತದಿಂದ ಮಿಷಿಗನ್ 13-10ರಲ್ಲಿ ಗೆದ್ದಿತು. ಒಹಾಯೊದ ಒದೆಯುವವನು 40 ಗಜದೊಳಗಿನ ಎರಡು ಒದೆತ ತಪ್ಪಿಸಿದ್ದ. ಸೆಂಟರ್ ವಿಷಯವನ್ನು ಹೇಳಿದವರು ಇರಲಿಲ್ಲವೆಂದಲ್ಲ. ಅವರ ಮಾತಿಗೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಅಭಿಮಾನಿಗಳು ಬಿಡಿ, ತಂಡ ನಡೆಸುವವರೇ ಈ ಮರುಳಿಗೆ ಬಿದ್ದ ಕಥೆ ಅಯೋವಾದ್ದು. 2023ರಲ್ಲಿ ಅಲ್ಲಿನ ದಾಳಿಯ ತರಬೇತುದಾರ ಬ್ರಯನ್ ಫೆರೆಂಟ್ಸ್ (ಮುಖ್ಯ ತರಬೇತುದಾರನ ಮಗ) ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಲಾಯಿತು: ತಂಡ ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಬೇಕು. ಸೊಗಸೆಂದರೆ, ರಕ್ಷಣೆಯ ಹುಡುಗರು ಚೆಂಡು ಕಸಿದು ಗಳಿಸಿದ ಅಂಕವೂ ಆ ಲೆಕ್ಕಕ್ಕೆ ಸೇರುತ್ತಿತ್ತು! ದಾಳಿಯನ್ನು ಅಳೆಯಲು ಹೊರಟ ಅಂಕಿಯೊಳಗೆ ರಕ್ಷಣೆಯೇ ಕೂತಿತ್ತು. ಸರಾಸರಿ 25ರ ಹತ್ತಿರವೂ ಸುಳಿಯಲಿಲ್ಲ, ಆತ ಹೊರಬಿದ್ದ, ಅಯೋವಾ ಮಾತ್ರ ಆ ವರ್ಷ 10 ಪಂದ್ಯ ಗೆದ್ದಿತು. ಟೋರಿ ಟೇಲರ್ ಎಂಬ ಆಸ್ಟ್ರೇಲಿಯಾದ ಹುಡುಗ ಚೆಂಡನ್ನು ಎದುರಾಳಿಯ ಮೂಲೆಗೆ ಒದ್ದು ಒದ್ದು ಅವರನ್ನು ಅಲ್ಲೇ ಕಟ್ಟಿಹಾಕುತ್ತಿದ್ದ. ಅವನು ದಾಳಿಯೂ ಅಲ್ಲ, ರಕ್ಷಣೆಯೂ ಅಲ್ಲ.

‘ಅಯ್ಯೋ, ಇದೆಲ್ಲ ಮೋಜಿಗೆ, ಪಂದ್ಯಕ್ಕೆ ಮುಂಚಿನ ಜಗಳವೇ ಒಂದು ಹಬ್ಬ’ ಎನ್ನುವವರಿದ್ದಾರೆ. ಜಗಳ ಬೇಡವೆಂದವರಾರು? ನಮ್ಮ ತಾಳಮದ್ದಳೆಯೂ ಜಗಳವೇ. ಆದರೆ ಕೃಷ್ಣಸಂಧಾನದಲ್ಲಿ ಕೌರವನ ಅರ್ಥ ಹೇಳುವವನು ಕೃಷ್ಣ ಈಗಷ್ಟೇ ಆಡಿದ ಮಾತಿಗೆ ಉತ್ತರ ಕೊಡಬೇಕು. ತನ್ನ ಸೈನ್ಯ ಹನ್ನೊಂದು ಅಕ್ಷೋಹಿಣಿ, ನಿಮ್ಮದು ಏಳೇ ಎಂದು ಎಣಿಸಿ ಸುಮ್ಮನೆ ಕೂತರೆ ಪ್ರೇಕ್ಷಕರು ಎದ್ದು ಹೋಗುತ್ತಾರೆ. ಎದುರಾಳಿಯ ಮಾತನ್ನು ಕೇಳಿಸಿಕೊಳ್ಳಬೇಕಾದ ಜಗಳದಲ್ಲಿ ಎದುರಾಳಿ ಅರ್ಥವಾಗುತ್ತಾನೆ. ಪಟ್ಟಿ ಎಸೆಯುವ ಜಗಳದಲ್ಲಿ ನಮ್ಮ ತಂಡವೂ ಅರ್ಥವಾಗುವುದಿಲ್ಲ.

ಮೋಜಿನ ಮಾತು 2018ರವರೆಗೆ ಒಂದಿಷ್ಟು ಸಲ್ಲುತ್ತಿತ್ತೇನೋ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯನ್ನು ತಡೆದಿದ್ದ ಕೇಂದ್ರ ಕಾನೂನನ್ನು ರದ್ದು ಮಾಡಿತು. ಮಿಷಿಗನ್‌ನಲ್ಲಿ 2021ರ ಜನವರಿಯಿಂದ ಫೋನಿನಲ್ಲೇ ಬಾಜಿ ಕಟ್ಟಬಹುದು, ಒಹಾಯೊದಲ್ಲಿ 2023ರ ಜನವರಿಯಿಂದ. ಈಗ ಅಭಿಮಾನಿಯ ಬಾಯಲ್ಲಿರುವ ಅರ್ಧ ಮಾತು ಬಾಜಿಯಂಗಡಿಯದು. ಗೆದ್ದರೂ ಸಾಲದು, ಇಷ್ಟೇ ಅಂಕದಿಂದ ಗೆಲ್ಲಬೇಕು. ಇಂಥ ಹುಡುಗ ಇಷ್ಟೇ ಗಜ ಓಡಬೇಕು. ಓಡದಿದ್ದರೆ ಆ ರಾತ್ರಿಯೇ ಹಣ ಕಳೆದುಕೊಂಡವನ ಬೈಗುಳ ಹತ್ತೊಂಬತ್ತು ಇಪ್ಪತ್ತರ ವಿದ್ಯಾರ್ಥಿಯ ಫೋನಿಗೆ ಬಂದು ಬೀಳುತ್ತದೆ. ಆಟಗಾರರಿಗೆ ಈಗ ದುಡ್ಡು ಸಿಗುತ್ತದಲ್ಲ, ಸಹಿಸಿಕೊಳ್ಳಲಿ ಎಂಬ ವಾದವೂ ಕೇಳಿಬರುತ್ತದೆ. ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡಲು ಅವಕಾಶವಾದದ್ದು 2025ರ ಜುಲೈಯಲ್ಲಿ; ಅದು ಆಡಿದ್ದಕ್ಕೆ ಕೊಡುವ ಸಂಬಳ, ಬೈಸಿಕೊಳ್ಳುವುದಕ್ಕಲ್ಲ.

ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘದ ಕೋರಿಕೆಯ ಮೇಲೆ ಒಹಾಯೊ ರಾಜ್ಯ 2024ರಲ್ಲಿ ಕಾಲೇಜು ಆಟಗಾರ ಒಬ್ಬೊಬ್ಬನ ಸಾಧನೆಯ ಮೇಲೆ ಬಾಜಿ ಕಟ್ಟುವುದನ್ನು ನಿಷೇಧಿಸಿತು. ತಂಡದ ಮೇಲೆ, ಗೆಲುವಿನ ಅಂತರದ ಮೇಲೆ ಕಟ್ಟುವುದಕ್ಕೆ ಅಡ್ಡಿಯಿಲ್ಲ. ನವೆಂಬರ್ 30ರ ಸಂಜೆ 20 ಅಂಕದ ಗೆಲುವಿಗೆ ಹಣ ಹೂಡಿದ್ದವರಿಗೆ ಆ ಎರಡು ಒದೆತ ತಪ್ಪಿಸಿದವನ ಹೆಸರು ಗೊತ್ತಿತ್ತು. ಸೆಂಟರ್ ಜಾಗದಲ್ಲಿ ಅಂದು ನಿಂತವನು ಯಾರೆಂದು ಅವರಲ್ಲಿ ಎಷ್ಟು ಜನ ಹೇಳಬಲ್ಲರು?